ಕೊನೆಯ ಕಂತಿನ ಗುಟ್ಟು

"ಬಾಯಿಬಿಟ್ಟೋರು ನೀವೇನಾ?"

ನಿರ್ಮಾಪಕಿ ಡೆಲಿತ್ ಪ್ರೊಥೆರೊ ಪತ್ರಿಕೆಯನ್ನು ನಟಿ ಓಲ್ವೆನ್ ಮುಂದೆ ಮೇಜಿನ ಮೇಲೆ ಎಸೆದಳು. ಮುಖಪುಟದಲ್ಲೇ ಇತ್ತು: ಕೊಂದವಳು ದಾದಿ!

ಕಾರ್ಡಿಫ್‌ನ ಆ ಸ್ಟುಡಿಯೋದಲ್ಲಿ ಹಿಂದೊಮ್ಮೆ ಟಿವಿಯಲ್ಲಿ ಬಂದಿದ್ದ, ಶತಮಾನ ದಾಟಿದ ಪತ್ತೇದಾರಿ ಕಥೆಯೊಂದು ಹೊಸ ಧಾರಾವಾಹಿಯಾಗುತ್ತಿತ್ತು. ಕುದುರೆಗಾಡಿ ಹೋಗಿ ವಿದ್ಯುತ್ ಕಾರು ಬಂದಿತ್ತು. ಮೀಸೆಯ ಪತ್ತೇದಾರ ಹೋಗಿ ಅರವತ್ತರ ಹೆಂಗಸು ಬಂದಿದ್ದಳು. ಆ ಪಾತ್ರ ಓಲ್ವೆನ್ ಗೆಥಿನ್‌ಳದು. ವರ್ಷಗಟ್ಟಲೆ ಬಿಸ್ಕತ್ತಿನ ಜಾಹೀರಾತುಗಳಲ್ಲಿ ಅಜ್ಜಿಯಾಗಿ ನಕ್ಕ ಮೇಲೆ ಸಿಕ್ಕ ಮೊದಲ ದೊಡ್ಡ ಪಾತ್ರ.

ಕೊನೆಯ ಕಂತನ್ನು ನಟರಿಗೆ ಕೊಟ್ಟಿರಲಿಲ್ಲ. ಕೊಲೆಗಾರ ಯಾರೆಂದು ಗೊತ್ತಿದ್ದದ್ದು ಡೆಲಿತ್‌ಗೆ ಮತ್ತು ಚಿತ್ರಕಥೆ ಬರೆದ ಟ್ರಿಸ್ಟನ್‌ಗೆ ಮಾತ್ರ.

"ಹಳೇ ಸೀರಿಯಲ್‌ನಲ್ಲಿ ಕೊಂದಿದ್ದು ಡಾಕ್ಟ್ರು," ಟ್ರಿಸ್ಟನ್ ಗೋಳಾಡಿದ. "ಮೂರು ಸಲ ನೋಡಿದೀನಿ. ದಾದಿ ಅನ್ನೋದು ನಂದೇ ಐಡಿಯಾ ರೀ! ಸ್ನಾನ ಮಾಡ್ತಿದ್ದಾಗ ಹೊಳೆದಿದ್ದು!"

"ಯಾರಿಗೆ ಹೇಳಿದ್ರಿ?" ಡೆಲಿತ್ ಓಲ್ವೆನ್ ಕಡೆ ನೋಡಿ ಕೇಳಿದಳು.

"ಕೂದಲು ಕತ್ತರಿಸೋ ಮೇಗನ್‌ಗೆ," ಎಂದಳು ಓಲ್ವೆನ್. "ಯಾರು ಕೊಂದಿದ್ದು ಅಂತ ಪ್ರಾಣ ತಿಂದ್ಲು. ಕತ್ತರಿ ಬೇರೆ ಅವಳ ಕೈಲಿತ್ತು."

"ಅಂದ್ರೆ ಓದಿದೀರಿ."

"ಓದದೇ ಇರ್ತೀನಾ? ಹಾಸಿಗೇಲಿ ಬಿದ್ಕೊಂಡು ಒಂದೇ ಉಸಿರಿಗೆ ಮುಗಿಸ್ದೆ."

"ನಾಚಿಕೆ ಆಗಲ್ವಾ? ನಿಮಗೆ ಕೊಟ್ಟಿದ್ಯಾರು?"

"ನಮ್ಮಮ್ಮ."

ಡೆಲಿತ್ ಕುರ್ಚಿಗೆ ಕುಸಿದಳು. "ನಿಮ್ಮಮ್ಮನವರೆಗೂ ಹೋಗಿದೆಯಾ! ಸಾಕು, ತಾಯಿ. ನಾಳೆಯಿಂದ ಬರಬೇಡಿ. ಪತ್ತೇದಾರಿಣೀನ ಅರ್ಧದಲ್ಲೇ ಸಾಯಿಸಿ ಬೇರೆಯವರನ್ನ ಹಾಕ್ತೀವಿ."

ಓಲ್ವೆನ್ ಚಹಾ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಮತ್ತೆ ಬಿಸ್ಕತ್ತು, ಮತ್ತೆ ಅದೇ ನಗು. ಅವಳು ಕೋಟು ಹುಡುಕತೊಡಗಿದಳು.

"ಹೋಗೋ ಮುಂಚೆ ಅಮ್ಮನ ಫೋನ್ ನಂಬರ್ ಕೊಡಿ," ಎಂದಳು ಡೆಲಿತ್. "ಇನ್ಯಾರಿಗೆ ಹೇಳಿದಾರೋ ಕೇಳ್ಬೇಕು."

"ಅಮ್ಮ ತೀರಿಕೊಂಡು ಮೂವತ್ತು ವರ್ಷ ಆಯ್ತಲ್ಲ."

ಡೆಲಿತ್ ಕೈಲಿದ್ದ ಫೋನನ್ನು ಕೆಳಗಿಟ್ಟಳು.

"ನಾನು ಸ್ಕೂಲಲ್ಲಿದ್ದಾಗ ಹುಟ್ಟುಹಬ್ಬಕ್ಕೆ ಕೊಟ್ಟಿದ್ದು," ಓಲ್ವೆನ್ ಕೋಟಿಗೆ ತೋಳು ತೂರಿಸುತ್ತ ಹೇಳಿದಳು. "ಪುಸ್ತಕದಲ್ಲಿ ಕೊಲ್ಲೋದು ದಾದೀನೇ. ಹಳೇ ಸೀರಿಯಲ್‌ನವರು ಸುಮ್ನೆ ಡಾಕ್ಟ್ರ ತಲೆಗೆ ಕಟ್ಟಿದ್ರು. ನೀವು ಏನು ಮಾಡಿದೀರೋ ನಂಗೇನು ಗೊತ್ತು? ಕೊನೇ ಕಂತು ನಂಗೆ ಕೊಟ್ಟೇ ಇಲ್ವಲ್ಲ."

ಡೆಲಿತ್ ನಿಧಾನವಾಗಿ ಟ್ರಿಸ್ಟನ್ ಕಡೆ ತಿರುಗಿದಳು.

ಟ್ರಿಸ್ಟನ್ ಮೆಲ್ಲಗೆ ಕೇಳಿದ: "ಇದಕ್ಕೆ ಪುಸ್ತಕಾನೂ ಇದೆಯಾ?"