ಮೌರಿಸ್ ಮಲಗುತ್ತಿದ್ದ ಜಾಗ

“ನಾನು ಆ ಹಡಗು ಹತ್ತುವುದಿಲ್ಲ,” ಎಂದಳು ಇಮೆಲ್ಡಾ, ಟೆಂಟಿನ ಬಾಗಿಲಲ್ಲಿ ಕುಳಿತು. ಬೇಸಿಗೆ ರಜೆಯಲ್ಲಿ ಕಾರ್ಕಳ ದಾಟಿ ಘಟ್ಟ ಹತ್ತಿದ್ದ ಕುಟುಂಬ, ಇಲ್ಲಿಂದ ನೇರ ಕೊಚ್ಚಿಗೆ ಹೋಗಿ ಕ್ರೂಸ್ ಹಡಗು ಹಿಡಿಯುವುದಿತ್ತು. ಮಕ್ಕಳು ಕಾರಿನ ಹತ್ತಿರ ಚಹಾ ಕಾಯಿಸುತ್ತಿದ್ದರು.

“ಎಂತ ಆಯ್ತು ಈಗ?” ಎಂದ ಗಂಡ ಮೌರಿಸ್. ಅಂಥದೇ ಹಡಗುಗಳಲ್ಲಿ ಪ್ರವಾಸಿಗಳ ಕೋಣೆ ಗುಡಿಸಿ ಒರೆಸಿ, ಹೋದ ವರ್ಷವಷ್ಟೇ ಉದ್ಯಾವರದ ಮನೆಗೆ ಮರಳಿದವನು ಅವನು.

“ಜ್ವರದ ಮಕ್ಕಳನ್ನು ಎತ್ತಿಕೊಂಡು ನಾನು ಒಬ್ಬಳೇ ಓಡುವಾಗ ನೀವು ಆ ಅರಮನೆಯಲ್ಲಿದ್ದಿರಿ. ದೀಪ, ಈಜುಕೊಳ ಅಂತ ಫೋಟೋ ಕಳಿಸುತ್ತಿದ್ದಿರಲ್ಲ. ನನಗೆ ಅದನ್ನು ನೋಡುವುದು ಬೇಡ.”

ಮೌರಿಸ್ ಟೆಂಟಿನೊಳಗೆ ತೆವಳಿ, ಚೀಲಗಳನ್ನೆಲ್ಲ ಒಂದು ಬದಿಗೆ ಒಟ್ಟಿ, ಉಳಿದ ಸಪೂರ ಜಾಗದಲ್ಲಿ ಮೊಣಕಾಲು ಮಡಚಿ ಮಲಗಿದ. “ನನಗೆ ಇದ್ದದ್ದು ಇಷ್ಟೇ ಜಾಗ. ಹಡಗಿನ ತಳದಲ್ಲಿ, ಕಿಟಕಿ ಇಲ್ಲ. ಮೇಲಿನ ಹಲಗೆಯಲ್ಲಿ ಇನ್ನೊಬ್ಬ ಮಲಗುತ್ತಿದ್ದ.”

“ಯಾಕೆ ಹೇಳಲಿಲ್ಲ?”

“ಹೇಳಿದ್ದರೆ ನೀನು ಅಳುತ್ತಿದ್ದಿ, ಅಲ್ವಾ?”

ಇಮೆಲ್ಡಾ ಚೀಲಗಳನ್ನು ಒಂದೊಂದಾಗಿ ಎತ್ತಿ ಹೊರಗಿಟ್ಟಳು. ತೆರವಾದ ಜಾಗದಲ್ಲಿ ಅವನ ಪಕ್ಕ ಒರಗಿಕೊಂಡು, “ಕಾಲು ಚಾಚಿ,” ಎಂದಳು. ಅವನು ಕಾಲು ಚಾಚಿದ ಮೇಲೆ ಕೇಳಿದಳು: “ಈ ಸಲ ನಮ್ಮ ಕೋಣೆಗೆ ಕಿಟಕಿ ಉಂಟು ತಾನೇ?”