ಮೂರು ಬೆರಳು

“ನಿಲ್ಸಪ್ಪೋ! ಮೂರು ಬೆರಳು ಸಾಲ್ದು!”

ಚಿಕ್ಕಮಾದಯ್ಯನ ಕೂಗಿಗೆ ಟ್ರೇಲರ್ ಬುಸ್ಸೆಂದು ನಿಂತಿತು. ಅಂಥ ಇನ್ನೊಂದು ಟ್ರೇಲರನ್ನು ಮೈಸೂರು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ತಲೆ ಹೆಬ್ಬಾಳದ ಕಾರ್ಖಾನೆಗಳ ನಡುವೆ ನಿಂತಿದ್ದರೆ ಬಾಲ ಇನ್ನೂ ಒಂಟಿಕೊಪ್ಪಲಿನಲ್ಲಿ ಕಾಫಿ ಕುಡಿಯುತ್ತಿತ್ತು. ಕೆಳಗಿನ ಅಂತಸ್ತಿನಲ್ಲಿ ಎರಡು ರೇಸ್ ಕಾರು, ಮೇಲಿನದರಲ್ಲಿ ಒಂದು. ಮೇಲಿನ ಕಾರಿನ ಬೆನ್ನಿಗಿದ್ದ ರೆಕ್ಕೆಯಂತೂ ಚಾಮುಂಡಿ ಬೆಟ್ಟಕ್ಕೇ ಸಡ್ಡು ಹೊಡೆಯುವ ಹಾಗೆ ಎದ್ದು ನಿಂತಿತ್ತು. ಅದರ ಎದುರಿಗೆ, ರಸ್ತೆಗೆ ಅಡ್ಡಲಾಗಿ, ಜೋತುಬಿದ್ದ ಕರೆಂಟು ತಂತಿ.

ಲಾಸ್ಯ ಕ್ಯಾಬಿನ್ನಿನಿಂದ ಧುಮುಕಿದಳು. ಮೇಲಿನ ಕಾರು ಅವಳದು; ನಾಳೆ ಅದನ್ನು ಓಡಿಸುವವಳೂ ಅವಳೇ. ಹನ್ನೆರಡು ಗಂಟೆಯೊಳಗೆ ಅದು ರೇಸಿನ ಮೈದಾನದಲ್ಲಿ ತಪಾಸಣೆಗೆ ನಿಲ್ಲಬೇಕು. ಒಂದು ನಿಮಿಷ ತಪ್ಪಿದರೂ ನಾಳೆ ಮೊದಲ ಸಾಲು ಹೋಗಿ ಕೊನೆಯ ಸಾಲು. ಆ ಮೊದಲ ಸಾಲಿಗಾಗಿ ಅವಳು ಎರಡು ವರ್ಷ ನಿದ್ದೆಯನ್ನೇ ಮಾಡಿರಲಿಲ್ಲ. ಈಗ ಗಂಟೆ ಹನ್ನೊಂದೂ ಇಪ್ಪತ್ತು.

ಇಷ್ಟು ಎತ್ತರದ ಹೊರೆ ಊರೊಳಗೆ ಹೋಗುವಾಗ ಮುಂದೊಬ್ಬ ಗಳ ಹಿಡಿದು ನಡೆಯಬೇಕೆಂದು ಪರ್ಮಿಟ್ಟಿನಲ್ಲಿ ಬರೆದಿತ್ತು. ಹಾಗೆ ಗಂಟುಬಿದ್ದವನು ಚಿಕ್ಕಮಾದಯ್ಯ. ಹೊರೆಯ ಎತ್ತರಕ್ಕೆ ಕುಯ್ದ ಒಣಬಿದಿರಿನ ಗಳವನ್ನು ಪ್ರತಿ ತಂತಿಯ ಪಕ್ಕದಲ್ಲೂ ನಿಲ್ಲಿಸಿ ನೋಡಿ, ಗಳ ತಂತಿಗಿಂತ ಕೆಳಗಿದ್ದರೆ ಕೈ ಬೀಸುವುದು ಅವನ ಕೆಲಸ. ಬಾಯಿಗೆ ಮಾತ್ರ ಅಳತೆಯೇ ಇರಲಿಲ್ಲ. ಒಂದು ಇಡೀ ವಿಮಾನವನ್ನು, ರೆಕ್ಕೆಯನ್ನೂ ಬಿಚ್ಚದೆ, ದೇವರಾಜ ಮಾರ್ಕೆಟ್ಟಿನ ಮುಂದೆ ನಡೆಸಿಕೊಂಡು ಹೋಗಿದ್ದೆನೆಂದು ಬೆಳಿಗ್ಗೆಯಷ್ಟೇ ಹೇಳಿದ್ದ.

ಡ್ರೈವರ್ ವಿಜಯ್‌ಕುಮಾರ್ ಕಿಟಕಿಯಿಂದ ತಲೆ ಹಾಕಿದ. “ಬುಡಿ ಮಾದಣ್ಣ! ಹೋದ ವಾರ ಇದೇ ಗಾಡಿ, ಇದೇ ಕಾರು, ಇದೇ ತಂತಿ. ಮೂರು ಬೆರಳು ಜಾಗ ಮಿಕ್ಕಿತ್ತು. ವಾರದೊಳಗೆ ತಂತಿಗೇನು ಹೊಟ್ಟೆ ಬಂತಾ?”

“ನಾನು ಸುಳ್ಳಾಡ್ತೀನಿ ಕಣಪ್ಪ. ಗಳ ಆಡಲ್ಲ.”

ಗಳದ ತುದಿ ತಂತಿಗಿಂತ ಮೂರು ಬೆರಳು ಮೇಲಕ್ಕೆ ಇಣುಕುತ್ತಿದ್ದುದು ನಿಜ. ಆದರೂ ವಿಮಾನ ನಡೆಸಿದವನನ್ನು ನಂಬುವುದು ಹೇಗೆ? ಲಾಸ್ಯ ಗಳವನ್ನು ರಸ್ತೆಯ ಮೇಲೆ ಮಲಗಿಸಿ ಟೇಪು ಹಿಡಿದಳು. ಪರ್ಮಿಟ್ಟಿನಲ್ಲಿ ಹೊರೆಯ ಎತ್ತರ ಹದಿನಾಲ್ಕೂವರೆ ಅಡಿ. ಗಳ ಹದಿನಾಲ್ಕು ಅಡಿ ಎಂಟು ಇಂಚು.

“ಇದೇ ಮೂರು ಬೆರಳು ಜಾಸ್ತಿ ಇದೆಯಲ್ರೀ!”

“ಐತೆ.”

“ಗೊತ್ತಿತ್ತಾ ನಿಮಗೆ?”

“ಕುಯ್ದೋನು ನಾನೇ ಅಲ್ವಾ ತಾಯಿ.”

ವಿಜಯ್‌ಕುಮಾರ್ ಸ್ಟೀರಿಂಗ್ ಬಡಿದು ನಕ್ಕ. “ನೋಡಿದ್ರಾ ಮೇಡಂ? ಬಡಾಯಿಗೆ ತನ್ನ ಬಾಯಿ ಸಾಲ್ದು ಅಂತ ಬಿದಿರಿಗೂ ಕಲಿಸವ್ರೆ! ಆ ಮೂರು ಬೆರಳು ಸುಳ್ಳು ಕಳೀರಿ, ಕೂದಲೆಳೆಯಷ್ಟು ಜಾಗದಲ್ಲಿ ನುಗ್ಗಿಸ್ತೀನಿ. ಹತ್ತಿ, ಹತ್ತಿ.”

ಹಿಂದೆ ಶಿಫ್ಟಿಗೆ ಹೊರಟ ಬಸ್ಸುಗಳು ಏಳು ಊರಿಗೆ ಕೇಳುವ ಹಾಗೆ ಹಾರ್ನ್ ಹೊಡೆಯುತ್ತಿದ್ದವು. ಲಾಸ್ಯ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಳು.

ಚಿಕ್ಕಮಾದಯ್ಯ ಅಡ್ಡ ಬರಲಿಲ್ಲ. ರಸ್ತೆಯ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕುಳಿತ. ಅಲ್ಲಿ ಹಳೆಯ ಡಾಂಬರಿನ ಮೇಲೆ ಹೊಸ ಡಾಂಬರು ಬಿದ್ದಿತ್ತು; ವಾಸನೆ ಇನ್ನೂ ಆರಿರಲಿಲ್ಲ. ಎರಡರ ನಡುವಿನ ಪುಟ್ಟ ಮೆಟ್ಟಿಲಿಗೆ ಅವನು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಒತ್ತಿದ. ಸರಿಯಾಗಿ ಮೂರು ಹಿಡಿದವು.

“ಹನ್ನೆರಡು ವರ್ಷದ ಕೆಳಗೆ, ಉದಯಗಿರೀಲಿ,” ಎಂದ, ತಲೆಯೆತ್ತದೆ. “ಲೋಡಿನ ಮೇಲೆ ನನ್ನ ತಮ್ಮ ಚೆಲುವರಾಜು ಕೂತಿದ್ದ. ಅಲ್ಲಿ ಯಾರೂ ಕೂರಂಗಿಲ್ಲ ಅಂತ ರೂಲ್ಸೈತೆ, ಗೊತ್ತಿತ್ತು, ಕೂರಿಸಿದ್ದೆ. ‘ಅಣ್ಣ, ಒಂದ್ಸಲ ಗಳ ಇಟ್ಟು ನೋಡು’ ಅಂದ. ‘ಥೂ, ಮೈಸೂರಿನ ತಂತಿಗಳೆಲ್ಲ ನಾನು ಹೆಸರಿಟ್ಟು ಕರೆದ್ರೆ ಓ ಅಂತವೆ, ಹೋದ ವಾರ ತಾನೆ ದಾಟಿದ್ದೀವಿ, ಬುಡ್ರೋ ಗಾಡಿ’ ಅಂದ್ಬುಟ್ಟೆ. ತಂತಿ ಇದ್ದಲ್ಲೇ ಇತ್ತು ತಾಯಿ. ರೋಡು ಎದ್ದಿತ್ತು. ಅವತ್ತಿಂದ ಗಳಾನ ಮೂರು ಬೆರಳು ಜಾಸ್ತೀನೇ ಕುಯ್ತೀನಿ.”

ಹೋದ ವಾರ ಮಿಕ್ಕಿದ್ದ ಮೂರು ಬೆರಳು ಜಾಗ ಎಲ್ಲಿಗೆ ಹೋಯಿತೆಂದು ಲಾಸ್ಯಳಿಗೆ ಆಗ ಕಂಡಿತು. ಅವಳು ಅದರ ಮೇಲೆಯೇ ನಿಂತಿದ್ದಳು.

ವಿಜಯ್‌ಕುಮಾರ್ ಕೀ ತಿರುಗಿಸಿದ. ಎಂಜಿನ್ ಸುಮ್ಮನಾಯಿತು. ಮೈದಾನದಿಂದ ಫೋನು ಬಂತು: “ಎಲ್ಲಿದ್ದೀರಾ? ಹನ್ನೆರಡು ದಾಟಿದ್ರೆ ಕೊನೇ ಸಾಲು ಬರ್ಕೊಂಡ್ಬಿಡ್ತಾರೆ!”

“ಬರ್ಕೊಳ್ಳಲಿ,” ಎಂದಳು ಲಾಸ್ಯ. “ರೆಕ್ಕೆ ಬಿಚ್ಚಬೇಕು. ಸ್ಪ್ಯಾನರ್ ಕೊಡಿ ವಿಜಯ್.”

ಸ್ಪ್ಯಾನರ್ ಹಿಡಿದು ಇಳಿದ ವಿಜಯ್‌ಕುಮಾರ್, ಹೋಗುವ ದಾರಿಯಲ್ಲಿ ಚಿಕ್ಕಮಾದಯ್ಯನನ್ನು ಎಬ್ಬಿಸಲೆಂದು ಕೈ ಚಾಚಿದ. ಅವನು ಹಿಡಿಯಲಿಲ್ಲ. ಅದೇ ಮೂರು ಬೆರಳನ್ನು ಹೊಸ ಡಾಂಬರಿನ ಮೇಲಿಟ್ಟುಕೊಂಡು ಕುಳಿತೇ ಇದ್ದ, ಯಾರದೋ ನಾಡಿ ಹಿಡಿದು ನೋಡುವವನ ಹಾಗೆ.