ಎರಡು ತೂತಿನ ಹೆಲ್ಮೆಟ್

"ತೊಳೆಯೋದಾ? ಅಯ್ಯೋ ಅಜ್ಜಿ, ಮೊದ್ಲು ಕೈ ತೆಗೀರಿ!"

ಹಳೆ ಸಾಮಾನಿನ ವ್ಯಾಪಾರಿ ಪ್ಯೊ ಗಿಹೊ ಕೂಗಿದ ರಭಸಕ್ಕೆ ದೊಂಗ್‌ಮ್ಯೊ ಸಂತೆಯ ಅರ್ಧ ಸಾಲು ತಿರುಗಿ ನೋಡಿತು. ಮಾರಲು ತಂದ ಹೆಲ್ಮೆಟ್ಟಿನ ಮೇಲಿಂದ ಅಜ್ಜಿ ಒದ್ದೆ ಬಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. ಹಳೆಯ ಸೇನಾ ಸರಕಿಗೆ ನೀರು ತಾಗಿದರೆ ಬೆಲೆ ಬಿದ್ದುಹೋಗುತ್ತದೆಂದು ಯೆಸಾನ್‌ನ ಹಳ್ಳಿಯಿಂದ ಬಂದವಳಿಗೇನು ಗೊತ್ತು?

ಗಿಹೊಗೆ ಗೊತ್ತಿತ್ತು. ಅವನಿಗೆ ಎಲ್ಲವೂ ಗೊತ್ತಿರುತ್ತಿತ್ತು. ಕಳೆದ ತಿಂಗಳು ಮಾತ್ರ ಸ್ವಲ್ಪ ಎಡವಟ್ಟಾಗಿ, ಸಂಗ್ರಾಹಕರ ಕೂಟದಲ್ಲಿ 'ಜನರಲ್ ಬಳಸಿದ ನೀರಿನ ಬಾಟಲಿ' ಎಂದು ಅವನು ಎತ್ತಿ ತೋರಿಸಿದ್ದು ಸಿನಿಮಾ ಚಿತ್ರೀಕರಣದ ಸಾಮಾನು ಎಂದು ಬಯಲಾಗಿತ್ತು. ಅಂದಿನಿಂದ ಪಕ್ಕದಂಗಡಿಯ ನಮ್‌ಗುಂಗ್ ಬೆಳಗಾದರೆ ಸೆಲ್ಯೂಟ್ ಹೊಡೆದು "ಜನರಲ್ ಸಾಹೇಬ್ರೇ, ಬಾಯಾರಿಕೇನಾ?" ಎನ್ನುತ್ತಿದ್ದ. ಇಂದು ಮಧ್ಯಾಹ್ನ ಕೂಟದವರೆಲ್ಲ ಮತ್ತೆ ಬರುವವರಿದ್ದರು. ಅಸಲಿ ಮಾಲು ಒಂದಾದರೂ ತೋರಿಸದಿದ್ದರೆ ಗಿಹೊ ಈ ಸಂತೆಯಲ್ಲಿ ತಲೆ ಎತ್ತುವಂತಿರಲಿಲ್ಲ.

ಅವನು ಹೆಲ್ಮೆಟ್ ತಿರುಗಿಸಿ ನೋಡಿದ. ಅಂಚಿನ ಬೆಸುಗೆ ಮುಂಭಾಗದಲ್ಲಿತ್ತು, ಯುದ್ಧಕಾಲದ್ದೇ, ಅನುಮಾನವಿಲ್ಲ. ಒಳಗೆ ತಳದಲ್ಲಿ ಕಂದು ಬಣ್ಣದ ಕರಟು ಗಟ್ಟಿಯಾಗಿ ಅಂಟಿತ್ತು. ಅಂಚಿನ ಹತ್ತಿರ ಎದುರುಬದುರು ಎರಡು ತೂತು. ಗುಂಡು ಇಲ್ಲಿ ಹೊಕ್ಕಿದೆ, ಅಲ್ಲಿ ಹೊರಬಿದ್ದಿದೆ.

"ಯಾರದಜ್ಜಿ ಇದು?"

"ನಮ್ಮ ಮಾವಂದು. ಸಾಯೋವರೆಗೂ ಕೈಯಿಂದ ಬಿಟ್ಟೋರಲ್ಲ. ನಸುಕಲ್ಲೇ ಹೆಗಲ ಮೇಲೆ ಹಾಕ್ಕೊಂಡು ಹೊರಡೋರು."

"ಕಾವಲಿಗಾ?"

"ಗದ್ದೆಗಪ್ಪ. ನಮ್ಮೂರಿನ ಗದ್ದೆ ಉಳಿದಿದ್ದೇ ಇದರಿಂದ. ಅವರು ಬರೋದು ಕಂಡ್ರೆ ಎಂಥೋರೂ ದಾರಿ ಬಿಟ್ಟು ಓಡೋರು."

ಗಿಹೊನ ಕಣ್ಣು ಒದ್ದೆಯಾಯಿತು. "ಇಂಥಾದ್ದನ್ನ ಯಾಕೆ ಮಾರ್ತೀರಿ?"

"ಮಗ ಮನೇಲೆಲ್ಲ ಹೊಸ ವ್ಯವಸ್ಥೆ ಮಾಡಿಸ್ದ. ಈಗ ಇದಕ್ಕೆ ಕೆಲಸಾನೇ ಇಲ್ಲ."

ಇಂದಿನ ಮಕ್ಕಳಿಗೆ ಬೆಂಕಿ ಬೀಳಲಿ ಎಂದುಕೊಂಡು ಗಿಹೊ, ಅವಳು ಕೇಳಿದ್ದಕ್ಕಿಂತ ದುಪ್ಪಟ್ಟು ಕೊಟ್ಟ.

ಮಧ್ಯಾಹ್ನ ಕೂಟ ಸೇರಿತು. ಬಸ್ಸಿಗೆ ಇನ್ನೂ ಹೊತ್ತಿದ್ದರಿಂದ ಅಜ್ಜಿ ಮೂಲೆಯ ಸ್ಟೂಲಿನಲ್ಲಿ ಕುಳಿತಿದ್ದಳು. ಗಿಹೊ ಕಾವಲುಗಾರನ ಕಥೆಯನ್ನು ಗದ್ಗದನಾಗಿ ಹೇಳಿದ. "ರಕ್ತಾನೋ, ಯುದ್ಧಭೂಮಿ ಮಣ್ಣೋ, ನಾನಂತೂ ಉಗುರೂ ತಾಗಿಸಿಲ್ಲ" ಎಂದು ಕರಟು ತೋರಿಸಿದ. ನಮ್‌ಗುಂಗ್ ಬಾಗಿ ನೋಡಿದ, ಮೂಸಿದ, ಕೊನೆಗೆ ಟೋಪಿ ತೆಗೆದ.

"ತಪ್ಪಾಯ್ತು ಗಿಹೊ. ಇದು ಅಸಲಿ."

ಆ ಮಾತಿಗೆ ಗಿಹೊ ಒಂದು ತಿಂಗಳು ಕಾದಿದ್ದ. ಸಂತೋಷ ತಡೆಯಲಾರದೆ ಹೆಲ್ಮೆಟ್ಟನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಅರ್ಧದವರೆಗೆ ಮಕ್ಕೊಲ್ಲಿ ಹೆಂಡ ಸುರಿದ. ಎಲ್ಲರೂ ಸತ್ತವನಿಗೆ ಎರಡು ಸಲ ಅಡ್ಡಬಿದ್ದರು. ಅಜ್ಜಿ ಬಾಯಿ ತೆರೆದಳು. ಹಿರಿಯರಿಗೆ ಎಡೆ ಇಟ್ಟಾಗ ನಡುವೆ ಬಾಯಿ ಹಾಕುವುದು ಅಪಚಾರವಾದ್ದರಿಂದ ಮುಚ್ಚಿಕೊಂಡಳು.

ಎಡೆಯ ಹೆಂಡವನ್ನು ಚೆಲ್ಲುವಂತಿಲ್ಲ, ಹಂಚಿಕೊಂಡೇ ಕುಡಿಯಬೇಕು. ಹೆಲ್ಮೆಟ್ ಕೈಯಿಂದ ಕೈಗೆ ಸಾಗಿತು. ಪಶ್ಚಾತ್ತಾಪದಿಂದ ಬೆಂದಿದ್ದ ನಮ್‌ಗುಂಗ್ ಎಲ್ಲರಿಗಿಂತ ದೊಡ್ಡ ಗುಟುಕು ಎಳೆದ. ಕೊನೆಗೆ ಗಿಹೊ ಕರಟಿನ ಸಮೇತ ತಳ ಬರಿದು ಮಾಡಿ, ಕಣ್ಣೊರೆಸಿಕೊಂಡು ಅಜ್ಜಿಯ ಕಡೆ ತಿರುಗಿದ.

"ಇಷ್ಟೊಂದು ಬೇಕಾಗಿದ್ರೆ ಮುಂದಿನ ವಾರ ಇದರ ಕೋಲೂ ತಂದ್ಕೊಡ್ತೀನಪ್ಪ" ಎಂದಳು ಅಜ್ಜಿ, "ಆ ಎರಡು ತೂತಿಗೆ ಕೋಲು ಸಿಕ್ಕಿಸದೆ ಗದ್ದೆ ಗೊಬ್ಬರಕ್ಕೆ ಕಕ್ಕಸುಗುಂಡಿಯ ತಳ ಮೊಗೆಯೋಕಾಗಲ್ಲ."